ನನ್ನ ಭಾನುವಾರದ ಮೇಷ್ಟ್ರು

ವಿದೇಶಕ್ಕೆ ಓದಲು ಬಂದವರಿಗೆ ಭಾನುವಾರ ಬಂತೆಂದರೆ ತಲೆಯೊಳಗೆ ಒಂದು ಪಂಚಾಯ್ತಿ ಶುರು. ಓದುವುದೋ, ಊರು ಸುತ್ತುವುದೋ? ನಾನು ನರಸಿಂಹರಾಜಪುರ ತಾಲ್ಲೂಕಿನ ಕಡಹಿನಬೈಲಿನವನು. ಈಗ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಅರಣ್ಯಶಾಸ್ತ್ರ ಓದುತ್ತಿದ್ದೇನೆ. ಇಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದಿನಸಿ ತರುವುದು, ಬಟ್ಟೆ ಒಗೆಯುವುದು ಎಲ್ಲ ಶನಿವಾರವೇ ಮುಗಿಯಬೇಕು. ಉಳಿದ ಒಂದೇ ದಿನವನ್ನು ಸೋಮವಾರದ ಸೆಮಿನಾರ್ ಒಂದು ಕಡೆಗೆ, ಊರಿನ ಅಂಚಿನಲ್ಲೇ ಶುರುವಾಗುವ ಬ್ಲ್ಯಾಕ್ ಫಾರೆಸ್ಟ್ ಇನ್ನೊಂದು ಕಡೆಗೆ ಎಳೆಯುತ್ತವೆ. ಜೇಬಿನಲ್ಲಿ ಸೆಮಿಸ್ಟರ್ ಟಿಕೆಟ್ ಇದೆ, ತಲೆಯ ಮೇಲೆ ಅಡಿಕೆ ತೋಟ ನಂಬಿ ಎತ್ತಿದ ಸಾಲವೂ ಇದೆ. ನಾನು ಒಂದು ಫೋಟೊ ಹಾಕಿದರೆ ಸಾಕು, ಮಗ ಓದಲು ಹೋದದ್ದೋ ತಿರುಗಲು ಹೋದದ್ದೋ ಎಂದು ಊರಲ್ಲಿ ಅಪ್ಪನನ್ನು ಕೇಳುವವರಿದ್ದಾರೆ.

ಈ ಎಳೆದಾಟದಲ್ಲಿ ನನಗೆ ನೆರವಿಗೆ ಬಂದದ್ದು ಬಿ.ಜಿ.ಎಲ್. ಸ್ವಾಮಿಯವರ ಬದುಕು.

ಸ್ವಾಮಿಯವರು ಹುಟ್ಟಿದ್ದು 1918ರ ಫೆಬ್ರುವರಿ 5ರಂದು, ಬೆಂಗಳೂರಿನಲ್ಲಿ. ತಂದೆ ಡಿ.ವಿ. ಗುಂಡಪ್ಪ, ನಮ್ಮೆಲ್ಲರ ಡಿವಿಜಿ. ಅಂಥ ಮನೆಯಲ್ಲಿ ಹುಟ್ಟಿದ ಹುಡುಗ ಹಿಡಿದದ್ದು ಸಸ್ಯಶಾಸ್ತ್ರವನ್ನು. ಆರ್ಕಿಡ್ ಹೂಗಳಲ್ಲಿ ಭ್ರೂಣ ಹೇಗೆ ಬೆಳೆಯುತ್ತದೆ ಎಂಬುದರ ಮೇಲೆ ಸಾಲುಸಾಲಾಗಿ ಲೇಖನಗಳನ್ನು ಬರೆದರು. ನಮ್ಮ ಮಲೆನಾಡಿನ ಹಲಸು, ಮಾವಿನ ಕೊಂಬೆಗಳ ಮೇಲೆ ಕೂತಿರುವ ಸೀತಾಳೆ ದಂಡೆಯೂ ಆರ್ಕಿಡ್ ಕುಲದ್ದೇ.

1940ರ ದಶಕದ ಕೊನೆಯಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಸಿಕ್ಕ ಗುರು ಇರ್ವಿಂಗ್ ಬೈಲಿ, ಮರದ ಒಳರಚನೆಯನ್ನು ಅರೆದು ಕುಡಿದವರು. ಇಬ್ಬರೂ ಸೇರಿ ಮಾಡಿದ ಕೆಲಸ ಇಂದಿಗೂ ಸಸ್ಯಶಾಸ್ತ್ರದಲ್ಲಿ ಉಲ್ಲೇಖವಾಗುತ್ತದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಮಾತ್ರ ಬೆಳೆಯುವ ಆಂಬೊರೆಲ್ಲ ಎಂಬ ಗಿಡದ ಬಗ್ಗೆ 1948ರಲ್ಲಿ ಅವರ ಲೇಖನ ಬಂತು. ಆ ಗಿಡದ ಕಾಂಡದೊಳಗೆ ನೀರಿನ ಕೊಳವೆಗಳೇ ಇಲ್ಲ. ಅರ್ಧ ಶತಮಾನದ ನಂತರ, 1999ರಲ್ಲಿ, ಡಿಎನ್‌ಎ ಅಧ್ಯಯನಗಳು ಅದೇ ಆಂಬೊರೆಲ್ಲವನ್ನು ಹೂ ಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಮೊಟ್ಟಮೊದಲು ಕವಲೊಡೆದ ಕೊಂಬೆಯಲ್ಲಿ ತಂದು ಕೂರಿಸಿದವು.

ಕೊಳವೆ ಇಲ್ಲದಿದ್ದರೆ ನೀರು ಏರುವುದು ಹೇಗೆ? ನಮ್ಮ ಕಡೆ ಗುಡ್ಡದ ಒರತೆ ನೀರನ್ನು ಮನೆಗೆ ತರಲು ಅಡಿಕೆ ಮರ ಸೀಳಿ, ತಿರುಳು ತೆಗೆದು, ಒಂದರ ತುದಿಗೆ ಇನ್ನೊಂದನ್ನು ಜೋಡಿಸುತ್ತಿದ್ದರಲ್ಲ, ಹೆಚ್ಚಿನ ಹೂ ಗಿಡಗಳ ಕೊಳವೆಯೂ ಹಾಗೇ. ತುದಿ ತೆರೆದ ಜೀವಕೋಶಗಳು ಸಾಲಾಗಿ ಕೂಡಿ ಉದ್ದನೆಯ ನಾಳವಾಗುತ್ತವೆ. ಆಂಬೊರೆಲ್ಲದಲ್ಲಿ ತುದಿಗಳು ಮುಚ್ಚಿರುತ್ತವೆ. ಪಕ್ಕದ ಗೋಡೆಗಳ ಸಣ್ಣ ಸಣ್ಣ ಕುಳಿಗಳ ಮೂಲಕ ನೀರು ಕೋಶದಿಂದ ಕೋಶಕ್ಕೆ ದಾಟಬೇಕು. 1950ರಲ್ಲಿ ಸ್ವಾಮಿ ಮತ್ತು ಬೈಲಿ ಇಂಥದೇ ಲಕ್ಷಣ ಸಾರ್ಕಾಂಡ್ರ ಎಂಬ ಕುಲದಲ್ಲೂ ಇದೆ ಎಂದು ಬರೆದರು. ಅದು ದಕ್ಷಿಣ ಭಾರತದ ಬೆಟ್ಟಗಳಲ್ಲೂ ಬೆಳೆಯುವ ಗಿಡ. ಅದರ ಒಂದು ಪ್ರಭೇದಕ್ಕೆ ಸ್ವಾಮಿಯವರು ಗುರುವಿನ ಹೆಸರನ್ನೇ ಇಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ.

ಇದನ್ನೆಲ್ಲ ಓದುವಾಗ ನನಗೆ ಹೊಳೆದದ್ದು ಇಷ್ಟು. ಪ್ರಯೋಗಾಲಯದ ಗಾಜಿನ ಪಟ್ಟಿಯ ಮೇಲಿದ್ದ ಆ ಎಳೆ ಹಿಂದೆ ಯಾರೋ ಕಾಡು ಹೊಕ್ಕು ತಂದದ್ದು. ಒಬ್ಬರ ತಿರುಗಾಟ ಇನ್ನೊಬ್ಬರ ಪಾಠವಾಯಿತು.

ಸ್ವಾಮಿಯವರು ಊರಿಗೆ ಮರಳಿದ ಮೇಲೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು, ಮುಂದೆ ಪ್ರಿನ್ಸಿಪಾಲರೂ ಆದರು. ಮರೀನಾ ಕಡಲತೀರದ ಎದುರಿನ ಆ ಕಾಲೇಜಿನಿಂದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಟ್ಟ ಕಾಡುಗಳಿಗೆ ಹೊರಡುತ್ತಿದ್ದರು. ಆ ಪ್ರವಾಸಗಳ ಕಥೆಯೇ ಹಸುರು ಹೊನ್ನು. ಅದರಲ್ಲಿ ಗಿಡದ ಲ್ಯಾಟಿನ್ ಹೆಸರಿನ ಪಕ್ಕದಲ್ಲೇ ಹುಡುಗರ ತುಂಟಾಟ ಇದೆ, ಊಟ ತಿಂಡಿಯ ಫಜೀತಿ ಇದೆ, ಹಳೆಯ ಕಾವ್ಯದ ನೆನಪು ಇದೆ. ಚಿತ್ರಗಳನ್ನೂ ಅವರೇ ಬರೆದರು. 1978ರಲ್ಲಿ ಆ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಎಲ್ಲಿಂದ ಬಂದವೆಂದು ಹೇಳುವ ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ, ಕಾಲೇಜು ಲೋಕವನ್ನು ನಗುನಗುತ್ತಲೇ ಚುಚ್ಚುವ ಕಾಲೇಜು ರಂಗ, ವಿದೇಶದ ದಿನಗಳನ್ನು ಹೇಳುವ ಅಮೆರಿಕದಲ್ಲಿ ನಾನು, ಎಲ್ಲವೂ ಅದೇ ಕೈಯಿಂದ ಬಂದವು. 1980ರ ನವೆಂಬರ್ 2ರಂದು ತೀರಿಕೊಂಡಾಗ ಅವರಿಗೆ 62 ವರ್ಷ.

ಅವರಂಥ ಪ್ರತಿಭೆ ನನ್ನಲ್ಲಿಲ್ಲ. ಆದರೆ ಒಂದು ಲೆಕ್ಕ ಕಲಿತೆ. ವಾರದ ಪಾಠದಲ್ಲಿ ಬಂದ ಒಂದು ಸಂಗತಿಯನ್ನು ಕಣ್ಣಾರೆ ನೋಡುವಂತಿದ್ದರೆ ಆ ಭಾನುವಾರ ಹೊರಡುತ್ತೇನೆ. ಸೋಮವಾರದ ಓದು ಶನಿವಾರ ರಾತ್ರಿಯೇ ಮುಗಿದಿರಬೇಕು. ಬುತ್ತಿಗೆ ಚಿತ್ರಾನ್ನ, ಜೊತೆಗೆ ಒಂದು ನೋಟ್‌ಬುಕ್. ಹತ್ತು ಊರಿನ ಹತ್ತು ಸೆಲ್ಫಿಗಿಂತ ಒಂದು ಕಾಡಿನ ಒಂದು ಪುಟ ಸಾಕು.

ಕಳೆದ ತಿಂಗಳು ಕಾಡಿನಲ್ಲಿ ಹೊಸದಾಗಿ ಕಡಿದ ಸ್ಪ್ರೂಸ್ ಮರದ ಬುಡದ ಬಳಿ ಕೂತಿದ್ದೆ. ಬೇರು ಮೇಲೆಮೇಲೆಯೇ ಹರಡುವ ಮರ ಅದು. ಗಾಳಿಗೆ ಬೇಗ ಉರುಳುತ್ತದೆ, ಬರ ಬಿದ್ದರೆ ತೊಗಟೆ ಹುಳುವಿಗೆ ತುತ್ತಾಗುತ್ತದೆ. ಒಂದೇ ಜಾತಿಯನ್ನು ಸಾಲಾಗಿ ನೆಟ್ಟ ಕಡೆ ಇಡೀ ಗುಡ್ಡವೇ ಬೋಳಾಗುತ್ತದೆ. ನಮ್ಮೂರ ಕಡೆಯ ಅಕೇಶಿಯಾ ನೆಡುತೋಪುಗಳು ಕಣ್ಣ ಮುಂದೆ ಬಂದವು. ಸ್ಪ್ರೂಸ್‌ನಲ್ಲೂ ನೀರಿನ ಕೊಳವೆ ಇಲ್ಲ, ಕುಳಿಗಳ ದಾರಿಯೇ ಗತಿ. ಸ್ವಾಮಿಯವರು ಮೈಕ್ರೋಸ್ಕೋಪಿನಲ್ಲಿ ಹುಡುಕಿದ್ದು ಇದೇ ಹಳೆಯ ದಾರಿಯನ್ನು, ಹೂ ಬಿಡುವ ಗಿಡಗಳಲ್ಲಿ. ತರಗತಿಯಲ್ಲಿ ಮೂರು ಸಲ ಕೇಳಿಯೂ ತಲೆಗೆ ಹತ್ತದ ವಿಷಯ ಆ ಬುಡದ ಮುಂದೆ ಐದು ನಿಮಿಷದಲ್ಲಿ ಹತ್ತಿತು. ಮರುದಿನ ಸೆಮಿನಾರ್‌ನಲ್ಲಿ ನಾನು ಮಾತಾಡಿದ್ದೂ ಅದನ್ನೇ.

ಮುಂದಿನ ವರ್ಷ ವಿದೇಶಕ್ಕೆ ಹೊರಡುವ ಗೆಳೆಯ ಗೆಳತಿಯರೇ, ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಬಾಟಲಿಯ ಪಕ್ಕ ಹಸುರು ಹೊನ್ನುವಿಗೂ ಜಾಗ ಮಾಡಿ. ನೀವು ಓದುತ್ತಿರುವುದು ಕಂಪ್ಯೂಟರ್ ಆಗಿರಲಿ, ಕಾನೂನು ಆಗಿರಲಿ, ಆ ಪಾಠ ನಡೆಯುವ ಜಾಗವೊಂದು ಹೊರಗೆ ಇದ್ದೇ ಇರುತ್ತದೆ. ಭಾನುವಾರ ಅದನ್ನು ಹುಡುಕಿಕೊಂಡು ಹೋಗಿ. ಸಂಜೆ ಮನೆಗೆ ಫೋನ್ ಮಾಡಿದಾಗ ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗೆ ಊರಿನ ಹೆಸರಿನ ಜೊತೆ ಏನು ಕಲಿತೆ ಎಂಬುದನ್ನೂ ಹೇಳಬಹುದು. ನಮ್ಮಪ್ಪ ಈಗ ಸ್ಪ್ರೂಸ್ ಮರದ ವಿಷಯವನ್ನು ಊರವರಿಗೆ ತಾವೇ ವಿವರಿಸುತ್ತಾರಂತೆ.