ಸ್ಟೆತಸ್ಕೋಪಿಗೆ ಹೆಸರಿಟ್ಟ ಲೆನೆಕ್

ಬೋಧನಾಭ್ಯಾಸದ ಅವಧಿಯಲ್ಲಿ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಪಾಠಕ್ಕೆ ಹೊಂದುವ ಒಬ್ಬ ವಿಜ್ಞಾನಿಯ ಜೀವನವನ್ನು ತರಗತಿಯಲ್ಲಿ ಹೇಳಬೇಕಿತ್ತು. ನನ್ನ ಪಾಲಿಗೆ ಬಂದದ್ದು ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠದಲ್ಲಿ ಉಸಿರಾಟದ ಭಾಗ. ಅದಕ್ಕೆ ನಾನು ಆರಿಸಿಕೊಂಡವರು ಫ್ರಾನ್ಸಿನ ವೈದ್ಯ ರೆನೆ ಲೆನೆಕ್. ಸ್ಟೆತಸ್ಕೋಪು ಕಂಡುಹಿಡಿದವರು ಯಾರು ಎಂಬ ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಇವರ ಹೆಸರು ಎಲ್ಲರಿಗೂ ಗೊತ್ತು. ಓದುತ್ತಾ ಹೋದಂತೆ ನನಗೆ ಆ ಉಪಕರಣಕ್ಕಿಂತ ಅವರು ಇಟ್ಟ ಹೆಸರುಗಳೇ ಹೆಚ್ಚು ಹಿಡಿಸಿದವು. ಆಸ್ಪತ್ರೆಗಳಲ್ಲಿ ಇಂದಿಗೂ ಬಳಸುವ ಹಲವು ಪದಗಳು ಇವರೊಬ್ಬರೇ ಗ್ರೀಕ್, ಲ್ಯಾಟಿನ್ ಮೂಲಗಳಿಂದ ಕಟ್ಟಿದವು.

ಲೆನೆಕ್ ಹುಟ್ಟಿದ್ದು 1781ರ ಫೆಬ್ರವರಿ 17ರಂದು, ಫ್ರಾನ್ಸಿನ ಪಶ್ಚಿಮ ಅಂಚಿನ ಬ್ರಿಟನಿ ಪ್ರಾಂತ್ಯದ ಕ್ಯಾಂಪೇರ್ ಎಂಬ ಊರಿನಲ್ಲಿ. ಐದು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅವರಿಗಿದ್ದದ್ದು ಕ್ಷಯ ಎಂದೇ ಜೀವನಚರಿತ್ರೆಕಾರರ ಊಹೆ. ತಂದೆ ವಕೀಲರು, ಆದರೆ ಕೈಯಲ್ಲಿ ಹಣ ನಿಲ್ಲದ ಮನುಷ್ಯ. ಮಕ್ಕಳನ್ನು ಬಂಧುಗಳ ಮನೆಗೆ ಕಳಿಸಿಬಿಟ್ಟರು. ಹುಡುಗ ಬೆಳೆದದ್ದು ನಾಂತ್ ನಗರದಲ್ಲಿ, ವೈದ್ಯರಾಗಿದ್ದ ಚಿಕ್ಕಪ್ಪ ಗಿಯೋಮ್ ಅವರ ಆಶ್ರಯದಲ್ಲಿ. ಅದು ಫ್ರೆಂಚ್ ಕ್ರಾಂತಿಯ ಕಾಲ. ಗಿಲೊಟಿನ್ ನಿಲ್ಲಿಸಿದ್ದ ಚೌಕ ಚಿಕ್ಕಪ್ಪನ ಮನೆಯ ಎದುರಿಗೇ ಇತ್ತು. ಹದಿನಾಲ್ಕನೆಯ ವಯಸ್ಸಿಗೆ ಹುಡುಗ ಆಸ್ಪತ್ರೆಯಲ್ಲಿ ಗಾಯಾಳುಗಳ ಆರೈಕೆಗೆ ನಿಂತ. ನಡುವೆ ಕೊಳಲು ಕಲಿತ, ಕಟ್ಟಿಗೆಯ ಕಡೆತದ ಕೆಲಸವನ್ನೂ ಕಲಿತ. ಮೈಕಟ್ಟು ಮಾತ್ರ ಮೊದಲಿನಿಂದಲೂ ಸಣಕಲು.

1801ರಲ್ಲಿ ಪ್ಯಾರಿಸಿಗೆ ಹೋದ ಲೆನೆಕ್ ಅವರಿಗೆ ಗುರುವಾಗಿ ಸಿಕ್ಕವರು ಕಾರ್ವಿಸಾರ್. ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ಸ್ಥಿತಿ ತಿಳಿಯುವ ವಿಧಾನವನ್ನು ಕಾರ್ವಿಸಾರ್ ಬಳಕೆಗೆ ತಂದಿದ್ದರು. ಅದನ್ನು ಮೊದಲು 1761ರಲ್ಲಿ ಬರೆದವರು ಆಸ್ಟ್ರಿಯಾದ ಔಎನ್‌ಬ್ರುಗ್ಗರ್. ಅವರು ಖಾನಾವಳಿ ನಡೆಸುವವರ ಮಗ; ಮದ್ಯದ ಪೀಪಾಯಿ ಎಷ್ಟು ತುಂಬಿದೆ ಎಂದು ತಟ್ಟಿ ನೋಡುವುದನ್ನು ಕಂಡು ಈ ವಿಧಾನ ಹೊಳೆಯಿತು ಎನ್ನುತ್ತಾರೆ. ತರಗತಿಯಲ್ಲಿ ಇದನ್ನು ವಿವರಿಸಲು ನನಗೆ ಕಷ್ಟವಾಗಲಿಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವ ಮೊದಲು ಬೆರಳಿನಿಂದ ತಟ್ಟಿ ನೋಡುವುದನ್ನು ಕಾಣದ ಮಕ್ಕಳು ಅಲ್ಲಿರಲಿಲ್ಲ.

1816ರಲ್ಲಿ ಲೆನೆಕ್ ಪ್ಯಾರಿಸಿನ ನೆಕೆರ್ ಆಸ್ಪತ್ರೆಗೆ ವೈದ್ಯರಾಗಿ ಬಂದರು. ಅಷ್ಟರಲ್ಲಿ ಅವರ ತಮ್ಮನನ್ನೂ ಆಪ್ತ ಸಹೋದ್ಯೋಗಿ ಬೇಲ್ ಅವರನ್ನೂ ಕ್ಷಯ ಕೊಂಡೊಯ್ದಿತ್ತು. ಅದೇ ವರ್ಷ ಹೃದಯದ ತೊಂದರೆಯಿದ್ದ ಒಬ್ಬ ಯುವತಿ ಪರೀಕ್ಷೆಗೆ ಬಂದಳು. ಸ್ಥೂಲ ಶರೀರವಾದ್ದರಿಂದ ತಟ್ಟಿದರೆ ಏನೂ ತಿಳಿಯಲಿಲ್ಲ. ಎದೆಗೆ ನೇರವಾಗಿ ಕಿವಿಯಿಟ್ಟು ಕೇಳೋಣವೆಂದರೆ ಆಕೆಯ ವಯಸ್ಸಿಗೆ ಅದು ತಕ್ಕುದಲ್ಲ. ಆಗ ಅವರಿಗೆ ಶಬ್ದಶಾಸ್ತ್ರದ ಒಂದು ಸಾಮಾನ್ಯ ಸಂಗತಿ ನೆನಪಾಯಿತು: ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಕೆರೆದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಕೆಲವು ಹಾಳೆ ಕಾಗದವನ್ನು ಬಿಗಿಯಾಗಿ ಸುತ್ತಿ ಒಂದು ತುದಿಯನ್ನು ಆಕೆಯ ಎದೆಗೂ ಇನ್ನೊಂದನ್ನು ತಮ್ಮ ಕಿವಿಗೂ ಇಟ್ಟರು. ಹೃದಯದ ಬಡಿತ ಬರಿಗಿವಿಗಿಂತ ಚೆನ್ನಾಗಿ ಕೇಳಿಸಿತು. ಅಂಗಳದಲ್ಲಿ ಮಕ್ಕಳು ಮರದ ತುಂಡಿನೊಂದಿಗೆ ಹೀಗೆ ಆಡುವುದನ್ನು ನೋಡಿ ಕಲಿತರು ಎಂಬ ಕಥೆ ಹಲವು ಪುಸ್ತಕಗಳಲ್ಲಿದೆ. ಲೆನೆಕ್ ತಮ್ಮ ಗ್ರಂಥದಲ್ಲಿ ಆ ಮಕ್ಕಳ ಮಾತೆತ್ತಿಲ್ಲ. ಕಥೆ ಮುದ್ದಾಗಿದೆ, ತರಗತಿಗೆ ಒಗ್ಗುತ್ತದೆ. ಆದರೂ ನಾನು ಅದನ್ನು ಪಾಠಯೋಜನೆಗೆ ಸೇರಿಸಲಿಲ್ಲ.

ಕಾಗದದ ಸುರುಳಿಯಿಂದ ಅವರು ಕಟ್ಟಿಗೆಗೆ ಬಂದರು. ತಾವೇ ಕಡೆತದ ಯಂತ್ರದ ಮುಂದೆ ಕುಳಿತು, ಸುಮಾರು 30 ಸೆಂಟಿಮೀಟರ್ ಉದ್ದದ, ನಡುವೆ ತೂತಿರುವ ಕೊಳವೆಯನ್ನು ತಯಾರಿಸಿದರು. ಅದನ್ನು ಅವರು ಮೊದಲು ಬರೀ ಸಿಲಿಂಡರ್ ಎಂದೇ ಕರೆಯುತ್ತಿದ್ದರು. ಸ್ನೇಹಿತರು ಬೇರೆ ಬೇರೆ ಹೆಸರು ಸೂಚಿಸತೊಡಗಿದಾಗ, ಯಾವುದೂ ಸರಿಬೀಳದೆ, ತಾವೇ ಸ್ಟೆತಸ್ಕೋಪು ಎಂದು ಹೆಸರಿಟ್ಟರು. ಗ್ರೀಕಿನಲ್ಲಿ ‘ಸ್ಟೆಥೋಸ್’ ಎಂದರೆ ಎದೆ, ‘ಸ್ಕೋಪೆಯ್ನ್’ ಎಂದರೆ ನೋಡು, ಪರೀಕ್ಷಿಸು.

ಇಲ್ಲಿ ತರಗತಿಯಲ್ಲಿ ಒಂದು ಒಳ್ಳೆಯ ಚರ್ಚೆ ಎದ್ದಿತು. ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ, ಟೆಲಿಸ್ಕೋಪಿನಲ್ಲೂ ನೋಡುತ್ತೇವೆ, ಸ್ಟೆತಸ್ಕೋಪಿನಲ್ಲಿ ಕೇಳುತ್ತೇವಲ್ಲ ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ. ಉತ್ತರ ಕೊಟ್ಟದ್ದು ನಮ್ಮ ಭಾಷೆಯೇ. ನಾವು ರುಚಿ ನೋಡುತ್ತೇವೆ, ಮೂಸಿ ನೋಡುತ್ತೇವೆ, ಮುಟ್ಟಿ ನೋಡುತ್ತೇವೆ, ನಾಡಿ ನೋಡುತ್ತೇವೆ, ಪಕ್ಕದ ಮನೆಯಲ್ಲಿ ಕೇಳಿಯೂ ನೋಡುತ್ತೇವೆ. ಕನ್ನಡದ ‘ನೋಡು’ ಕಣ್ಣಿಗೆ ಮಾತ್ರ ಸೇರಿದ್ದಲ್ಲ. ಲೆನೆಕ್ ಅವರಿಗಂತೂ ಆ ಕೊಳವೆ ಎದೆಯೊಳಕ್ಕೆ ಇಣುಕುವ ಕಿಂಡಿಯೇ ಆಗಿತ್ತು. ರೋಗಿ ಬದುಕಿದ್ದಾಗ ಕೇಳಿದ ಸದ್ದನ್ನು ಬರೆದಿಟ್ಟುಕೊಳ್ಳುವರು. ರೋಗಿ ಸತ್ತರೆ ಶವಪರೀಕ್ಷೆಯಲ್ಲಿ ಶ್ವಾಸಕೋಶವನ್ನು ಕಣ್ಣಾರೆ ಕಂಡು ಎರಡನ್ನೂ ತಾಳೆ ಹಾಕುವರು. ಸುಮಾರು ಮೂರು ವರ್ಷ ಹೀಗೆ ದುಡಿದು 1819ರಲ್ಲಿ ಎರಡು ಸಂಪುಟಗಳ ಗ್ರಂಥ ಪ್ರಕಟಿಸಿದರು.

ಹೊಸ ಸದ್ದುಗಳಿಗೆ ಹೆಸರೇ ಇರಲಿಲ್ಲವಾದ್ದರಿಂದ ಪದಗಳನ್ನು ಕಟ್ಟಬೇಕಾಯಿತು. ಶ್ವಾಸಕೋಶದ ಹೊದಿಕೆಯಲ್ಲಿ ನೀರು ತುಂಬಿದಾಗ ರೋಗಿಯ ಮಾತು ಕೊಳವೆಯಲ್ಲಿ ಮೇಕೆ ಅರಚಿದಂತೆ ನಡುಗಿ ಕೇಳುತ್ತದೆ. ಅದಕ್ಕೆ ‘ಈಗೋಫೊನಿ’ ಎಂದರು. ಗ್ರೀಕಿನಲ್ಲಿ ‘ಐಗೋಸ್’ ಮೇಕೆಯದು, ‘ಫೋನೆ’ ಧ್ವನಿ. ಟೆಲಿಫೋನಿನಲ್ಲಿರುವುದೂ ಇದೇ ಫೋನೆ ಎಂದಾಗ ಮಕ್ಕಳು ತಾವೇ ಮೈಕ್ರೋಫೋನ್, ಹೆಡ್‌ಫೋನ್ ಎಂದು ಸೇರಿಸತೊಡಗಿದರು. ಯಕೃತ್ತಿನ ಒಂದು ರೋಗಕ್ಕೆ ‘ಸಿರೋಸಿಸ್’ ಎಂದು ಹೆಸರು ಕೊಟ್ಟದ್ದು ಅದೇ ಗ್ರಂಥದ ಒಂದು ಅಡಿಟಿಪ್ಪಣಿಯಲ್ಲಿ. ಅದರ ಅರ್ಥ ಗಟ್ಟಿಯಾಗುವುದು ಎಂದು ಎಷ್ಟೋ ಜನ ತಿಳಿದಿದ್ದಾರೆ. ನಿಜವಾಗಿ ‘ಕಿರೋಸ್’ ಎಂಬುದು ಕಂದುಹಳದಿ ಬಣ್ಣ. ಅವರ ಕಣ್ಣಿಗೆ ಮೊದಲು ಬಿದ್ದದ್ದು ಯಕೃತ್ತಿನ ಬಣ್ಣ. ಕಪ್ಪು ಗಡ್ಡೆಯ ರೋಗಕ್ಕೆ ಕಪ್ಪು ಎಂಬರ್ಥದ ‘ಮೆಲಾಸ್’ನಿಂದ ‘ಮೆಲನೋಸ್’ ಎಂಬ ಹೆಸರನ್ನು ಅದಕ್ಕೂ ಮುಂಚೆಯೇ ಇಟ್ಟಿದ್ದರು.

ಎಲ್ಲಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ‘ರಾಲ್’ ಎಂಬ ಪದ. ಉಸಿರಿನೊಂದಿಗೆ ಬೆರೆತು ಬರುವ ಅಸಹಜ ಸದ್ದುಗಳಿಗೆಲ್ಲ ಲೆನೆಕ್ ತಮ್ಮ ಗ್ರಂಥದಲ್ಲಿ ಈ ಫ್ರೆಂಚ್ ಪದವನ್ನು ಬಳಸಿದರು. ತೊಂದರೆಯೆಂದರೆ, ಜನರ ಬಾಯಲ್ಲಿ ರಾಲ್ ಎಂದರೆ ಸಾಯುವ ಹೊತ್ತಿಗೆ ಗಂಟಲಲ್ಲಿ ಬರುವ ಗೊರಗೊರ ಸದ್ದು. ಹಾಸಿಗೆಯ ಪಕ್ಕ ನಿಂತು ವಿದ್ಯಾರ್ಥಿಗಳಿಗೆ ಹೇಳುವಾಗ ಆ ಪದ ಕಿವಿಗೆ ಬಿದ್ದರೆ ರೋಗಿ ತನ್ನ ಕಥೆ ಮುಗಿಯಿತೆಂದು ಎದೆಯೊಡೆದುಕೊಳ್ಳುವುದು ಖಂಡಿತ. ಆದ್ದರಿಂದ ರೋಗಿಯ ಮುಂದೆ ಅವರು ರಾಲ್ ಎನ್ನದೆ ‘ರಾಂಕಸ್’ ಎಂಬ ಲ್ಯಾಟಿನ್ ಪದ ಬಳಸಿದರು. ಅರ್ಥ ಗೊರಕೆ. ಮುಂದಿನವರು ಈ ಕಾರಣವನ್ನು ಮರೆತು ಎರಡನ್ನೂ ಬೇರೆ ಬೇರೆ ಸದ್ದುಗಳ ಹೆಸರಾಗಿ ಮಾಡಿಕೊಂಡರು. ವೈದ್ಯಕೀಯ ವಿದ್ಯಾರ್ಥಿಗಳು ಅವುಗಳ ವ್ಯತ್ಯಾಸವನ್ನು ಇಂದಿಗೂ ಬಾಯಿಪಾಠ ಮಾಡುತ್ತಾರೆ.

ಈ ಭಾಗ ಹೇಳಿದ ದಿನ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಬಂದು, ಪುಸ್ತಕದಲ್ಲಿನ ಕ್ಷಯವೂ ಟಿಬಿಯೂ ಒಂದೇನಾ ಮಿಸ್ ಎಂದು ಮೆಲ್ಲಗೆ ಕೇಳಿದಳು. ಮನೆಯಲ್ಲಿ ಅಜ್ಜ ಆರು ತಿಂಗಳ ಮಾತ್ರೆ ತೆಗೆದುಕೊಳ್ಳುತ್ತಿದ್ದರಂತೆ. ಕ್ಷಯ ಎಂದರೆ ಸವೆದು ಇಲ್ಲವಾಗುವುದು, ಅದೇ ರೋಗದ ಗ್ರೀಕ್ ಹೆಸರು ‘ಫ್ತಿಸಿಸ್’ ಕೂಡ ಅದೇ ಮೂಲಧಾತುವಿನ ಪದ ಎಂದೆಲ್ಲ ಟಿಪ್ಪಣಿ ನನ್ನ ಕೈಯಲ್ಲೇ ಇತ್ತು. ಅದನ್ನು ಪಕ್ಕಕ್ಕಿಟ್ಟು, ಎರಡೂ ಒಂದೇ, ಆ ಹೆಸರು ಮದ್ದಿಲ್ಲದ ಕಾಲದ್ದು, ಈಗ ಮಾತ್ರೆ ತಪ್ಪಿಸದಿದ್ದರೆ ಸಾಮಾನ್ಯವಾಗಿ ಗುಣವಾಗುತ್ತದೆ ಎಂದೆ. ಟಿಬಿಯ ಪೂರ್ಣ ಹೆಸರು ಲ್ಯಾಟಿನಿನ ‘ಟ್ಯುಬರ್ಕುಲಮ್’ನಿಂದ ಬಂದದ್ದು, ಅದರರ್ಥ ಚಿಕ್ಕ ಗಂಟು ಅಷ್ಟೇ ಎಂದಾಗ ಅವಳ ಮುಖ ತುಸು ಸಡಿಲವಾಯಿತು.

ಆ ಚಿಕ್ಕ ಗಂಟುಗಳನ್ನು ಲೆನೆಕ್ ಅವರಷ್ಟು ಸೂಕ್ಷ್ಮವಾಗಿ ನೋಡಿದವರು ಆಗ ವಿರಳ. ದೇಹದ ಬೇರೆ ಬೇರೆ ಅಂಗಗಳಲ್ಲಿ ಕಾಣುವ ಗಂಟುಗಳೆಲ್ಲ ಒಂದೇ ರೋಗದ ರೂಪಗಳು ಎಂದು ಅವರು ವಾದಿಸಿದರು. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಕಾಕ್ ತೋರಿಸಿಕೊಟ್ಟದ್ದು 1882ರಲ್ಲಿ, ಲೆನೆಕ್ ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ.

ಗ್ರಂಥ ಹೊರಬಂದ ವರ್ಷವೇ ಆರೋಗ್ಯ ಕೈಕೊಟ್ಟು ಅವರು ಬ್ರಿಟನಿಯ ಹಳ್ಳಿಮನೆಗೆ ಮರಳಿದರು. 1821ರಲ್ಲಿ ಮತ್ತೆ ಪ್ಯಾರಿಸಿಗೆ ಬಂದರು, ಮರುವರ್ಷ ಪ್ರಾಧ್ಯಾಪಕರಾದರು, 1824ರಲ್ಲಿ ಮದುವೆಯಾದರು. ಗ್ರಂಥದ ಎರಡನೆಯ ಆವೃತ್ತಿಯನ್ನು ತಿದ್ದುತ್ತಿದ್ದಾಗಲೇ ಕೆಮ್ಮು, ಜ್ವರ ಹೆಚ್ಚಿದವು. 1826ರಲ್ಲಿ ಅದು ಅಚ್ಚಾಗಿ ಬಂದಾಗ ಅವರು ಹಾಸಿಗೆ ಹಿಡಿದಿದ್ದರು. ವೈದ್ಯನಾಗಿದ್ದ ಬಂಧು ಮೇರಿಯಾಡೆಕ್‌ನಿಗೆ ಕೊಳವೆ ಕೊಟ್ಟು ತಮ್ಮ ಎದೆಯನ್ನೇ ಪರೀಕ್ಷಿಸಲು ಹೇಳಿದರು. ಆತ ತನಗೆ ಕೇಳಿಸಿದ್ದನ್ನು ಒಂದೊಂದಾಗಿ ವಿವರಿಸಿದ. ಆ ಸದ್ದುಗಳಿಗೆಲ್ಲ ಹೆಸರಿಟ್ಟವರು ಅವರೇ. ಅವುಗಳ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮತ್ತೆ ಬ್ರಿಟನಿಗೆ ಪಯಣ ಬೆಳೆಸಿ, ಅಲ್ಲೇ 1826ರ ಆಗಸ್ಟ್ 13ರಂದು, 45ನೆಯ ವಯಸ್ಸಿನಲ್ಲಿ ಕ್ಷಯದಿಂದಲೇ ತೀರಿಕೊಂಡರು. ತಮ್ಮ ಪುಸ್ತಕ, ಕಾಗದಪತ್ರಗಳನ್ನೂ ಕೈಗಡಿಯಾರ, ಉಂಗುರಗಳನ್ನೂ ಮೇರಿಯಾಡೆಕ್‌ನಿಗೆ ಬರೆದಿಟ್ಟಿದ್ದರು. ಜೊತೆಗೆ ಆ ಕಟ್ಟಿಗೆಯ ಕೊಳವೆಯೂ ಅವನಿಗೇ ಹೋಯಿತು.