ಚಾರು ಕೈ ಚಾಚಿದಳು, ಆಮೇಲೆ? ಸತ್ಯಜಿತ್ ರೇ ಮತ್ತು ಮುಕ್ತಾಯದ ಲೆಕ್ಕ

ಎಂಜಿನಿಯರಿಂಗ್ ಓದುವಾಗ ಲ್ಯಾಬ್ ರೆಕಾರ್ಡ್ ಬರೆದವರಿಗೆಲ್ಲ ಒಂದು ಗುಟ್ಟು ಗೊತ್ತಿರುತ್ತೆ. ಉತ್ತರ ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿದ್ದರೆ, ಮೀಟರಿನ ಮುಳ್ಳು ಎಲ್ಲಿ ನಿಂತಿದೆ ಅಂತ ಯಾರೂ ಸರಿಯಾಗಿ ನೋಡೋದಿಲ್ಲ. ಬರಬೇಕಾದ ಅಂಕಿ ಬರೆದು ಸಹಿ ಹಾಕಿಸಿಕೊಂಡು ಕ್ಯಾಂಟೀನಿಗೆ ಹೋಗ್ತೇವೆ.

ಪತ್ರಿಕೋದ್ಯಮಕ್ಕೆ ಬಂದ ಮೊದಲ ವರ್ಷ ನಾನು ಅದೇ ಕೆಲಸವನ್ನು ಒಂದು ಸಿನಿಮಾಕ್ಕೆ ಮಾಡಿದೆ. ಸತ್ಯಜಿತ್ ರೇ ಅವರ ‘ಚಾರುಲತಾ’ದ ಕಥಾಸಾರ ಬರೆಯುತ್ತಾ, ಕೊನೆಗೆ ಗಂಡ ಹೆಂಡತಿ ಕೈ ಹಿಡಿದು ಒಂದಾಗುತ್ತಾರೆ ಅಂತ ಮುಗಿಸಿದ್ದೆ. ಡೆಸ್ಕಿನಲ್ಲಿದ್ದ ಹಿರಿಯರೊಬ್ಬರು, ಕೈ ಹಿಡಿದದ್ದನ್ನು ನೋಡಿದೆಯಾ ಅಂತ ಕೇಳಿದರು. ವಾಪಸ್ ಹೋಗಿ ನೋಡಿದೆ. ಹಿಡಿದಿರಲಿಲ್ಲ.

ಅವತ್ತಿನಿಂದ ರೇ ಅವರ ಬದುಕನ್ನು ನಾನು ಅವರ ಸಿನಿಮಾಗಳ ಮುಕ್ತಾಯಗಳ ಮೂಲಕವೇ ಓದಿಕೊಂಡು ಬಂದಿದ್ದೇನೆ.

ರೇ ಹುಟ್ಟಿದ್ದು 1921ರ ಮೇ 2ರಂದು, ಕಲ್ಕತ್ತಾದಲ್ಲಿ. ತಾತ ಉಪೇಂದ್ರಕಿಶೋರ್ ಮಕ್ಕಳ ಸಾಹಿತಿ, ಜೊತೆಗೆ ಮುದ್ರಣ ತಂತ್ರಜ್ಞ. ಫೋಟೋಗಳನ್ನು ಚುಕ್ಕೆಗಳಾಗಿ ಒಡೆದು ಅಚ್ಚು ಹಾಕುವ ಹಾಫ್‌ಟೋನ್ ವಿಧಾನದ ಮೇಲೆ ಕೆಲಸ ಮಾಡಿದವರು. ತಂದೆ ಸುಕುಮಾರ್ ರೇ ಬಂಗಾಳಿ ಮಕ್ಕಳಿಗೆ ಇವತ್ತಿಗೂ ಬಾಯಿಪಾಠ ಇರುವ ತಮಾಷೆ ಪದ್ಯಗಳ ಕವಿ. ಆ ತಂದೆ 1923ರಲ್ಲಿ ತೀರಿಕೊಂಡಾಗ ಮಗನಿಗೆ ಮೂರು ವರ್ಷವೂ ತುಂಬಿರಲಿಲ್ಲ. ಮನೆಯ ಮುದ್ರಣಾಲಯ ಕೈತಪ್ಪಿತು. ತಾಯಿ ಸುಪ್ರಭಾ ಮಗನನ್ನು ಕರೆದುಕೊಂಡು ತಮ್ಮನ ಮನೆ ಸೇರಿದರು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದ ಹುಡುಗ ಆಮೇಲೆ ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತ. 1943ರಲ್ಲಿ ಡಿ.ಜೆ. ಕೀಮರ್ ಎಂಬ ಬ್ರಿಟಿಷ್ ಜಾಹೀರಾತು ಕಂಪನಿಗೆ ಸೇರಿದ, ಸಂಬಳ ತಿಂಗಳಿಗೆ 80 ರೂಪಾಯಿ. ಪುಸ್ತಕಗಳಿಗೆ ಮುಖಪುಟ ಮಾಡುವ ಕೆಲಸವೂ ಇತ್ತು. ಬಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ಯ ಮಕ್ಕಳ ಆವೃತ್ತಿಗೆ ಚಿತ್ರ ಬರೆಯುತ್ತಲೇ ಆ ಕಾದಂಬರಿ ತಲೆಗೆ ಹೊಕ್ಕಿತು. 1950ರಲ್ಲಿ ಕಂಪನಿ ಲಂಡನ್ನಿಗೆ ಕಳಿಸಿತು. ಅಲ್ಲಿ ತಿಂಗಳುಗಟ್ಟಲೆ ಸಿನಿಮಾ ನೋಡಿದರು. ಅದರಲ್ಲಿ ಡಿ ಸಿಕಾನ ‘ಬೈಸಿಕಲ್ ಥೀವ್ಸ್’ ಕೂಡ ಒಂದು. ಊರಿಗೆ ವಾಪಸ್ ಬರುವಾಗ ಸಿನಿಮಾ ಮಾಡೋದು ತೀರ್ಮಾನವಾಗಿತ್ತು.

1952ರಲ್ಲಿ ಚಿತ್ರೀಕರಣ ಶುರು. ವಿಮೆ ಪಾಲಿಸಿ ಅಡ ಬಿತ್ತು, ಹೆಂಡತಿ ಬಿಜೋಯಾ ಅವರ ಒಡವೆಯೂ ಹೋಯ್ತು. ದುಡ್ಡಿಲ್ಲದೆ ಕೆಲಸ ಮತ್ತೆ ಮತ್ತೆ ನಿಂತಿತು. ಕೊನೆಗೆ ಕೈ ಹಿಡಿದದ್ದು ಪಶ್ಚಿಮ ಬಂಗಾಳ ಸರ್ಕಾರ. ಮುಕ್ತಾಯದ ಮೊದಲ ಜಗಳ ಬಂದದ್ದೂ ಅಲ್ಲೇ. ಕೊನೆಯನ್ನು ಸ್ವಲ್ಪ ಸುಖಾಂತ ಮಾಡಿ ಅಂತ ಸರ್ಕಾರದ ಕಡೆಯಿಂದ ಸಲಹೆ ಬಂತು. ರೇ ಒಪ್ಪಲಿಲ್ಲ.

ಹಾಗಾದರೆ ಕೊನೆಯಲ್ಲಿ ಏನಿದೆ? ಮಗಳು ದುರ್ಗಾ ಸತ್ತಿದ್ದಾಳೆ. ಅಪ್ಪ, ಅಮ್ಮ, ಮಗ ಅಪು ಊರು ಬಿಡುತ್ತಿದ್ದಾರೆ. ಅವಳು ಕದ್ದಿಲ್ಲ ಅಂತ ಹೇಳಿದ್ದ ಮಣಿಸರ ಅಪು ಕೈಗೆ ಸಿಗುತ್ತದೆ, ಅವನು ಅದನ್ನು ಕೊಳಕ್ಕೆ ಎಸೆಯುತ್ತಾನೆ. ಖಾಲಿ ಮನೆಯೊಳಕ್ಕೆ ಹಾವೊಂದು ಹರಿದು ಹೋಗುತ್ತದೆ. ಎತ್ತಿನ ಗಾಡಿಯಲ್ಲಿ ಮೂವರೂ ಕೂತಿದ್ದಾರೆ. ಇಷ್ಟೇ. ಅಪು ಅಕ್ಕನನ್ನು ಕ್ಷಮಿಸಿದ ಅಂತ ಸಿನಿಮಾ ಹೇಳೋದಿಲ್ಲ, ಕಾಶಿಯಲ್ಲಿ ಒಳ್ಳೆಯ ದಿನ ಬರುತ್ತೆ ಅಂತಲೂ ಹೇಳೋದಿಲ್ಲ. 1955ರಲ್ಲಿ ಬಿಡುಗಡೆಯಾದ ಈ ಚಿತ್ರ ಮರುವರ್ಷ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಪ್ರಶಸ್ತಿ ಪಡೆಯಿತು. ‘ಅಪರಾಜಿತೋ’ 1957ರಲ್ಲಿ ವೆನಿಸ್‌ನ ಗೋಲ್ಡನ್ ಲಯನ್ ಗೆದ್ದಿತು. 1959ರ ‘ಅಪುರ್ ಸಂಸಾರ್’ ಮುಗಿಯುವಾಗ ಮಗ ಕಾಜಲ್ ಅಪುವಿನ ಹೆಗಲ ಮೇಲಿದ್ದಾನೆ. ಆದರೆ ಅವನು ಅಪುವಿನ ಜೊತೆ ಹೊರಟಿರೋದು ಅಪ್ಪ ಅಂತಲ್ಲ, ಗೆಳೆಯ ಅಂತ. ತಂದೆ ಮಗ ಒಂದಾದರು ಅಂತ ಬರೆದುಬಿಟ್ಟರೆ ಈ ವಿಷಯ ಬಿದ್ದು ಹೋಗುತ್ತೆ.

ಈಗ 1964ರ ‘ಚಾರುಲತಾ’ಕ್ಕೆ ಬನ್ನಿ. ಮೂಲ ರವೀಂದ್ರನಾಥ ಠಾಕೂರರು 1901ರಲ್ಲಿ ಬರೆದ ‘ನಷ್ಟನೀಡ’, ಅಂದರೆ ಹಾಳಾದ ಗೂಡು. ಭೂಪತಿಗೆ ಪತ್ರಿಕೆಯೇ ಪ್ರಪಂಚ. ಒಂಟಿಯಾದ ಹೆಂಡತಿ ಚಾರು, ಮನೆಗೆ ಬಂದ ಮೈದುನ ಅಮಲ್‌ನನ್ನು ಹಚ್ಚಿಕೊಳ್ಳುತ್ತಾಳೆ. ಅಮಲ್ ಹೇಳದೆ ಕೇಳದೆ ಹೊರಟು ಹೋಗುತ್ತಾನೆ. ಅವನ ಕಾಗದ ಹಿಡಿದು ಚಾರು ಅಳೋದನ್ನು ಭೂಪತಿ ನೋಡುತ್ತಾನೆ, ಗಾಡಿ ಹತ್ತಿ ಮನೆಯಿಂದ ಹೊರಟುಬಿಡುತ್ತಾನೆ, ಆಮೇಲೆ ವಾಪಸ್ ಬರುತ್ತಾನೆ.

ಠಾಕೂರರ ಕಥೆಯ ಕೊನೆಯಲ್ಲಿ ನಮ್ಮ ಮೈಸೂರು ಬರುತ್ತೆ. ಅಲ್ಲಿನ ಪತ್ರಿಕೆಯೊಂದರ ಕೆಲಸಕ್ಕೆ ಭೂಪತಿ ಹೊರಟಿದ್ದಾನೆ. ತನ್ನನ್ನೂ ಕರೆದುಕೊಂಡು ಹೋಗು ಅಂತ ಚಾರು ಕೇಳುತ್ತಾಳೆ. ಅವನು ಹಿಂಜರಿಯುತ್ತಾನೆ, ಆಮೇಲೆ ಬಾ ಅನ್ನುತ್ತಾನೆ. ಅವಳು ಬೇಡ ಬಿಡು ಅನ್ನುತ್ತಾಳೆ. ರೇ ಇದನ್ನು ಬದಲಾಯಿಸಿದರು. ಸಿನಿಮಾದಲ್ಲಿ ಚಾರು ಬಾಗಿಲು ತೆರೆದು, ಒಳಗೆ ಬಾ ಅಂತ ಕೈ ಚಾಚುತ್ತಾಳೆ. ಭೂಪತಿಯೂ ತಡವರಿಸಿ ಕೈ ಚಾಚುತ್ತಾನೆ. ಎರಡು ಕೈಗಳ ನಡುವೆ ಒಂದಿಷ್ಟು ಜಾಗ ಇರುವಾಗ ಚಿತ್ರ ನಿಂತುಬಿಡುತ್ತದೆ. ಆಮೇಲೆ ಬರೋದೆಲ್ಲ ಸ್ಥಿರಚಿತ್ರ: ಅವಳ ಮುಖ, ಅವನ ಮುಖ, ದೀಪ ಹಿಡಿದ ಆಳು, ದೂರದಿಂದ ಕಾಣುವ ಆ ಇಬ್ಬರು. ಪರದೆಯ ಮೇಲೆ ಬಂಗಾಳಿಯಲ್ಲಿ ‘ನಷ್ಟನೀಡ’ ಅನ್ನೋ ಪದ.

ಇದನ್ನು ಒಂದು ವಾಕ್ಯದಲ್ಲಿ ಬರೆಯಲು ಕೂತರೆ ಕಷ್ಟ ಗೊತ್ತಾಗುತ್ತೆ. ಕೈಗಳು ಸೇರುವ ಮುನ್ನ ಚಿತ್ರ ನಿಲ್ಲುತ್ತದೆ ಅಂತ ಬರೆದೆ ಅನ್ನಿ. ಆ ‘ಮುನ್ನ’ ಅನ್ನೋ ಪದ ಆಮೇಲೆ ಸೇರಿದವು ಅಂತ ಸದ್ದಿಲ್ಲದೆ ಹೇಳಿಬಿಡುತ್ತೆ. ಕೈಗಳು ಸೇರಲೇ ಇಲ್ಲ ಅಂದರೆ ಅದೂ ತೀರ್ಪು. ಪರದೆಯ ಮೇಲಿನ ಪದವನ್ನು ಕೈಬಿಟ್ಟರೆ ಸಾರ ಅಪೂರ್ಣ. ಅದನ್ನೇ ಸಾಕ್ಷಿ ಮಾಡಿಕೊಂಡು ಸಂಸಾರ ಮುರಿಯಿತು ಅಂದರೆ, ಅದು ಮೂಲ ಕಥೆಯ ಹೆಸರೂ ಹೌದು ಅನ್ನೋದನ್ನು ಮರೆತಂತೆ.

ಇದು ಬರೀ ಪದಗಳ ಚೌಕಾಶಿ ಅಲ್ಲ. ಗಂಡನಲ್ಲದವನನ್ನು ಮೆಚ್ಚಿದ ಹೆಣ್ಣೊಬ್ಬಳು ಬಾಗಿಲಲ್ಲಿ ನಿಂತಿದ್ದಾಳೆ. ಒಂದಾದರು ಅಂತ ಬರೆದವರು ಅವಳನ್ನು ಕ್ಷಮಿಸಿದ್ದಾರೆ, ಮುರಿಯಿತು ಅಂತ ಬರೆದವರು ಶಿಕ್ಷಿಸಿದ್ದಾರೆ. ಎರಡೂ ಕೆಲಸವನ್ನು ರೇ ಮಾಡಿರಲಿಲ್ಲ.

ಚಿತ್ರ ಬಂದಾಗ ಅಶೋಕ್ ರುದ್ರ ಎಂಬ ವಿಮರ್ಶಕರು, ಇದು ಠಾಕೂರರ ಕಥೆಗೆ ನಿಷ್ಠವಾಗಿಲ್ಲ ಅಂತ ಆಕ್ಷೇಪಿಸಿದರು. ರೇ ಸುಮ್ಮನಿರಲಿಲ್ಲ. ‘ಪರಿಚಯ್’ ಪತ್ರಿಕೆಯಲ್ಲಿ ದೀರ್ಘ ಉತ್ತರ ಬರೆದು, ಕಥೆಯಲ್ಲಿ ಏನಿದೆ, ಚಿತ್ರದಲ್ಲಿ ಏನಿದೆ, ಯಾಕೆ ಬದಲಾಯಿಸಿದೆ ಅಂತ ಒಂದೊಂದಾಗಿ ವಿವರಿಸಿದರು. 1965ರಲ್ಲಿ ‘ಚಾರುಲತಾ’ ಬರ್ಲಿನ್‌ನಲ್ಲಿ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ತಂದಿತು. ಅದೇ ವರ್ಷ, ತಾತ ಶುರು ಮಾಡಿದ್ದ ‘ಸಂದೇಶ್’ ಪತ್ರಿಕೆಯಲ್ಲಿ ಫೆಲೂದಾ ಎಂಬ ಪತ್ತೇದಾರನನ್ನು ಹುಟ್ಟಿಸಿದರು. ಊಹೆಗೆ ಮೊದಲು ಕಣ್ಣು ಬಿಟ್ಟು ನೋಡುವ ಮನುಷ್ಯ ಅವನು.

ತಮ್ಮ ಚಿತ್ರಗಳಲ್ಲಿ ತಪ್ಪು ಕಡಿಮೆ ಇರೋದು ‘ಚಾರುಲತಾ’ದಲ್ಲೇ ಅಂತ ರೇ ಕೊನೆವರೆಗೂ ನಂಬಿದ್ದರು. 1992ರಲ್ಲಿ ಆಸ್ಪತ್ರೆಯ ಹಾಸಿಗೆಯಿಂದಲೇ ಗೌರವ ಆಸ್ಕರ್ ಸ್ವೀಕರಿಸಿದರು. ಭಾರತರತ್ನವೂ ಆ ವರ್ಷವೇ ಬಂತು. ಏಪ್ರಿಲ್ 23ರಂದು ತೀರಿಕೊಂಡರು.

ಇವತ್ತು ಸಿನಿಮಾ ಬಿಡುಗಡೆಯಾದ ಸಂಜೆಗೇ ಕ್ಲೈಮ್ಯಾಕ್ಸ್ ವಿವರಿಸುವ ವಿಡಿಯೋ ಬರುತ್ತೆ. ವ್ಯಾಖ್ಯಾನ ಮಾಡಬಾರದು ಅಂತ ನಾನು ಹೇಳ್ತಿಲ್ಲ, ಅಂಕಣಕಾರನ ಹೊಟ್ಟೆಪಾಡೇ ಅದು. ಆದರೆ ಕಂಡದ್ದು ಒಂದು ಕಾಲಂ, ಅನ್ನಿಸಿದ್ದು ಇನ್ನೊಂದು ಕಾಲಂ. ಹೆಣ್ಣುಮಗಳೊಬ್ಬಳ ಸಾವಿನ ಸುದ್ದಿಗೆ, ತನಿಖೆ ಶುರುವಾಗುವ ಮೊದಲೇ ಪ್ರೇಮ ವೈಫಲ್ಯ ಅಂತ ಶೀರ್ಷಿಕೆ ಕೊಡುವ ನಮ್ಮ ವೃತ್ತಿಗೆ ಈ ಪಾಠ ಸಿನಿಮಾಕ್ಕಿಂತ ಜಾಸ್ತಿ ಬೇಕು.

ನನ್ನ ಹಳೇ ಕಥಾಸಾರದ ಕೊನೆಯ ಸಾಲನ್ನು ಅವತ್ತೇ ತಿದ್ದಿದೆ. ಚಾರು ಕೈ ಚಾಚುತ್ತಾಳೆ, ಭೂಪತಿಯೂ ಚಾಚುತ್ತಾನೆ, ಕೈಗಳ ನಡುವೆ ಅಂತರವಿರುವಾಗ ಚಿತ್ರ ಸ್ಥಿರವಾಗುತ್ತದೆ. ಹಿರಿಯರು ಓದಿ, ಮಾತಾಡದೆ ಪುಟಕ್ಕೆ ಕಳಿಸಿದರು.