ಭಾಸ್ಕರಾಚಾರ್ಯನ ಯಂತ್ರಗಳು

ಕೊಪ್ಪಳಕ್ಕೂ ಗದಗಿಗೂ ನಡುವೆ ಇಟಗಿ ಎಂಬ ಊರಿದೆ. ಹಿಂದೆ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಈ ಊರಿನಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾಗಿದ್ದ ಮಹಾದೇವನು 1112ರಲ್ಲಿ ಮಹಾದೇವ ದೇವಾಲಯವನ್ನು ಕಟ್ಟಿಸಿದನು. ಅದರ ಕಂಬಗಳ ನುಣುಪನ್ನೂ ಶಿಖರದ ಹದವನ್ನೂ ಕಂಡವರು ಅಂದಿನ ಶಿಲ್ಪಿಗಳ ಅಳತೆಯ ಜ್ಞಾನಕ್ಕೆ ತಲೆದೂಗುತ್ತಾರೆ. ಈ ದೇವಾಲಯ ಎದ್ದು ಎರಡು ವರ್ಷ ಕಳೆದ ಮೇಲೆ, ಶಾಲಿವಾಹನ ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ, ಅದೇ ಚಕ್ರವರ್ತಿಯ ಆಳ್ವಿಕೆಯ ಕಾಲದಲ್ಲಿ ಭಾಸ್ಕರಾಚಾರ್ಯನು ಹುಟ್ಟಿದನು. ಅಳತೆಯನ್ನೂ ಎಣಿಕೆಯನ್ನೂ ಶಾಸ್ತ್ರದ ಎತ್ತರಕ್ಕೆ ಏರಿಸಿದವರಲ್ಲಿ ಅವನಿಗೆ ಸರಿಗಟ್ಟುವವರು ಭಾರತದಲ್ಲಿ ವಿರಳ.

ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡವೆಂದೂ, ತಾನು ಶಾಂಡಿಲ್ಯ ಗೋತ್ರದವನೆಂದೂ, ತಂದೆಯಾದ ಮಹೇಶ್ವರನೇ ತನ್ನ ಗುರುವೆಂದೂ ಅವನು ಹೇಳಿಕೊಂಡಿದ್ದಾನೆ. ವಿಜ್ಜಡವಿಡವೆಂದರೆ ನಮ್ಮ ವಿಜಯಪುರವೇ ಎಂದು ಹಲವು ವಿದ್ವಾಂಸರು ವಾದಿಸಿದ್ದಾರೆ. ಹೆಸರಿನ ಸಾಮ್ಯವೇನೋ ಇದೆ. ಆದರೆ ಸಹ್ಯಾದ್ರಿಯ ನೆರೆ ಎಂಬ ಮಾತು ಆ ಬಯಲು ನಾಡಿಗೆ ಅಷ್ಟಾಗಿ ಒಪ್ಪುವುದಿಲ್ಲ. ಮಹಾರಾಷ್ಟ್ರದ ಖಾನದೇಶದ ಕಡೆಗೆ ಬೆರಳು ತೋರಿಸುವವರೂ ಇದ್ದಾರೆ. ಊರು ಯಾವುದಾದರೇನು, ಅಂದು ಅದು ಚಾಲುಕ್ಯರ ಆಳ್ವಿಕೆಗೆ ಒಳಪಟ್ಟ ನೆಲ. ಆ ನೆಲಕ್ಕೆ ಗಣಿತ ಹೊಸದಲ್ಲ. ಕವಿರಾಜಮಾರ್ಗವು ಕೊಪಣನಗರವನ್ನು, ಎಂದರೆ ಇಂದಿನ ಕೊಪ್ಪಳವನ್ನು, ತಿರುಳ್ಗನ್ನಡದ ಎಲ್ಲೆಗಳಲ್ಲಿ ಒಂದಾಗಿ ಹೆಸರಿಸಿದ ಒಂಬತ್ತನೆಯ ಶತಮಾನದಲ್ಲಿಯೇ, ನೃಪತುಂಗನ ಆಶ್ರಯ ಕಾಲದಲ್ಲಿ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಬರೆದಿದ್ದನು. ಭಾಸ್ಕರನ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ರಚಿಸಿದನು.

1150ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ, ಭಾಸ್ಕರನು ಸಿದ್ಧಾಂತ ಶಿರೋಮಣಿಯನ್ನು ಮುಗಿಸಿದನು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳ ಈ ಗ್ರಂಥದಲ್ಲಿ ಲೀಲಾವತಿಯೇ ಜನಪ್ರಿಯ. ಲೆಕ್ಕವೆಂದರೆ ಮುಖ ಗಂಟಿಕ್ಕುವವರೂ ಅದರ ಸಮಸ್ಯೆಗಳನ್ನು ಕಥೆಯಂತೆ ಕೇಳಬಲ್ಲರು. ಒಂಬತ್ತು ಮೊಳ ಎತ್ತರದ ಕಂಬದ ಮೇಲೆ ನವಿಲೊಂದು ಕುಳಿತಿದೆ. ಕಂಬದ ಬುಡದಲ್ಲಿ ಹಾವಿನ ಹುತ್ತ. ಇಪ್ಪತ್ತೇಳು ಮೊಳ ದೂರದಿಂದ ಹಾವು ಹುತ್ತಕ್ಕೆ ಧಾವಿಸುವುದನ್ನು ಕಂಡ ನವಿಲು ಓರೆಯಾಗಿ ಎರಗುತ್ತದೆ. ಎರಡರ ವೇಗವೂ ಒಂದೇ ಆದರೆ ಅವು ಸಂಧಿಸುವುದು ಹುತ್ತದಿಂದ ಎಷ್ಟು ದೂರದಲ್ಲಿ? ಲಂಬಕೋನ ತ್ರಿಭುಜದ ನಿಯಮ ತಿಳಿದ ವಿದ್ಯಾರ್ಥಿಯು ಹನ್ನೆರಡು ಮೊಳವೆಂದು ಕಂಡುಹಿಡಿಯಬಲ್ಲನು.

ಈ ಪುಸ್ತಕದ ಹೆಸರಿಗೆ ಒಂದು ಕಥೆ ಅಂಟಿಕೊಂಡಿದೆ. ಲೀಲಾವತಿ ಭಾಸ್ಕರನ ಮಗಳಂತೆ. ಅವಳ ಮದುವೆಯ ಮುಹೂರ್ತವನ್ನು ತಿಳಿಯಲು ತಂದೆಯು ಜಲಘಟಿಯನ್ನು ಇಟ್ಟನಂತೆ. ಕುತೂಹಲದಿಂದ ಬಗ್ಗಿ ನೋಡಿದ ಹುಡುಗಿಯ ಉಡುಪಿನಿಂದ ಮುತ್ತೊಂದು ಜಾರಿ ಬಟ್ಟಲಿನ ರಂಧ್ರವನ್ನು ಮುಚ್ಚಿತಂತೆ. ನೀರು ಏರಲಿಲ್ಲ, ಬಟ್ಟಲು ಮುಳುಗಲಿಲ್ಲ, ಮುಹೂರ್ತ ಮೀರಿಹೋಯಿತು. ಮಗಳನ್ನು ಸಂತೈಸಲು ತಂದೆಯು ಅವಳ ಹೆಸರಿನಲ್ಲಿ ಪುಸ್ತಕ ಬರೆದನಂತೆ. ಕರುಣೆ ಹುಟ್ಟಿಸುವ ಕಥೆಯೇ ಸರಿ. ಆದರೆ ಇದು ನಮಗೆ ದೊರೆಯುವುದು ಅಕ್ಬರನ ಆಸ್ಥಾನ ಕವಿ ಫೈಜಿಯು 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ, ಎಂದರೆ ಭಾಸ್ಕರನು ಬರೆದು ನಾನ್ನೂರು ವರ್ಷಗಳಿಗೂ ಮೇಲಾದ ಬಳಿಕ. ಪುಸ್ತಕದಲ್ಲಿ ಭಾಸ್ಕರನು ಒಮ್ಮೆ ಬಾಲೆಯನ್ನು, ಒಮ್ಮೆ ಗೆಳೆಯನನ್ನು, ಒಮ್ಮೆ ವ್ಯಾಪಾರಿಯನ್ನು, ಒಮ್ಮೆ ಗಣಕನನ್ನು ಕುರಿತು ಪ್ರಶ್ನೆ ಕೇಳುತ್ತಾನೆ. ಮಗಳ ಮಾತು ಎಲ್ಲಿಯೂ ಇಲ್ಲ.

ಅಷ್ಟೇ ಅಲ್ಲ. ಕಥೆಯಲ್ಲಿ ಯಂತ್ರಕ್ಕೆ ಒಳಗಾಗಿ ಕುಳಿತ ಭಾಸ್ಕರನಿಗೂ ಗ್ರಂಥದಲ್ಲಿ ಯಂತ್ರಗಳನ್ನು ತೂಗಿ ನೋಡುವ ಭಾಸ್ಕರನಿಗೂ ಬಹಳ ಅಂತರವಿದೆ. ಗೋಲಾಧ್ಯಾಯದಲ್ಲಿ ಯಂತ್ರಾಧ್ಯಾಯವೆಂಬ ಒಂದು ಪ್ರಕರಣವೇ ಇದೆ. ಅಲ್ಲಿ ಅವನು ಗೋಲ, ಶಂಕು, ಚಕ್ರ, ಚಾಪ, ಯಷ್ಟಿ ಮೊದಲಾದ ಉಪಕರಣಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು, ಅದರಿಂದ ಏನು ತಿಳಿಯುತ್ತದೆ, ಹೇಗೆ ತಿಳಿಯುತ್ತದೆ ಎಂದು ವಿವರಿಸುತ್ತಾನೆ. ಘಟಿಯಂತ್ರವನ್ನೇ ನೋಡೋಣ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ಮೆಲ್ಲನೆ ತುಂಬಿ ಮುಳುಗುತ್ತದೆ. ದಿನಕ್ಕೆ ಅರವತ್ತು ಸಲ ಮುಳುಗಿದರೆ ಒಂದು ಮುಳುಗು ಒಂದು ಘಟಿ, ಎಂದರೆ ನಮ್ಮ 24 ನಿಮಿಷ. ಹಿಂದಿನವರು ಬಟ್ಟಲು ಇಷ್ಟು ತೂಕವಿರಬೇಕು, ಇಷ್ಟು ಅಗಲವಿರಬೇಕು ಎಂದು ಕಟ್ಟಳೆ ಮಾಡಿದ್ದರು. ಭಾಸ್ಕರನ ದಾರಿ ಬೇರೆ. ಒಂದು ಹಗಲಿರುಳಿನಲ್ಲಿ ಬಟ್ಟಲು ಎಷ್ಟು ಸಲ ಮುಳುಗಿತೆಂದು ಎಣಿಸಿ, ಆ ಸಂಖ್ಯೆಯಿಂದ ಹಗಲಿರುಳನ್ನು ಭಾಗಿಸಿದರೆ ಆ ಬಟ್ಟಲಿನ ಕಾಲಮಾನ ತಾನಾಗಿಯೇ ದೊರೆಯುತ್ತದೆ. ಹೀಗೆ ಮಾಡಿದಾಗ ಬಟ್ಟಲನ್ನು ಕುಟ್ಟಿದ ಕಂಚುಗಾರನ ಕೈ ಸ್ವಲ್ಪ ಹೆಚ್ಚುಕಡಿಮೆಯಾದರೂ ಬಾಧಕವಿಲ್ಲ. ಇಂದಿನ ಪ್ರಯೋಗಶಾಲೆಗಳಲ್ಲಿ ಉಪಕರಣವನ್ನು ನಂಬುವ ಮೊದಲು ಗೊತ್ತಿರುವ ಅಳತೆಯೊಡನೆ ಹೋಲಿಸಿ ಸರಿನೋಡುವ ಕ್ರಮವೂ ಇದೇ.

ಅವನೇ ಕಲ್ಪಿಸಿದ ಉಪಕರಣಕ್ಕೆ ಫಲಕಯಂತ್ರವೆಂದು ಹೆಸರು. ಸೂರ್ಯನ ಎತ್ತರವನ್ನು ಅಳೆಯುವುದು ಕಷ್ಟವಲ್ಲ. ಆ ಎತ್ತರದಿಂದ ವೇಳೆಯನ್ನು ಲೆಕ್ಕ ಹಾಕುವುದು ಕಷ್ಟ. ಭಾಸ್ಕರನು ಒಂದು ಆಯತಾಕಾರದ ಹಲಗೆಯ ಮೇಲೆ ಸಮಾನ ದೂರದಲ್ಲಿ ಅಡ್ಡಗೆರೆಗಳನ್ನೂ ಒಂದು ವೃತ್ತವನ್ನೂ ಬರೆದು, ನಡುವೆ ಕೀಲಿನ ಮೇಲೆ ತಿರುಗುವ ಪಟ್ಟಿಯನ್ನು ಜೋಡಿಸಿದನು. ಹಲಗೆಯನ್ನು ತೂಗುಹಾಕಿ ಸೂರ್ಯನಿಗೆ ಹಿಡಿದು, ಪಟ್ಟಿಯನ್ನು ಕ್ರಮದಂತೆ ತಿರುಗಿಸಿದರೆ ವೇಳೆಯನ್ನು ಗೆರೆಗಳ ಮೇಲೆಯೇ ಓದಬಹುದು. ತ್ರಿಕೋನಮಿತಿಯ ಲೆಕ್ಕದಲ್ಲಿ ಬಹುಭಾಗವನ್ನು ಹಲಗೆಯೇ ಮಾಡಿಕೊಡುತ್ತದೆ. ಭಾಸ್ಕರನ ಕಾಲದಲ್ಲಿ ಗಣಕನೆಂದರೆ ಲೆಕ್ಕ ಮಾಡುವ ಮನುಷ್ಯ. ಇಂದು ನಾವು ಗಣಕವೆಂದು ಕರೆಯುವುದು ಯಂತ್ರವನ್ನು. ಆ ಪದ ಮನುಷ್ಯನಿಂದ ಯಂತ್ರಕ್ಕೆ ಸಾಗಿದ ದಾರಿಯಲ್ಲಿ ಈ ಹಲಗೆಗೂ ಒಂದು ಎಡೆ ಕೊಡಬಹುದು.

ಯಂತ್ರಾಧ್ಯಾಯದ ಅತ್ಯಂತ ಸೋಜಿಗದ ಭಾಗ ಸ್ವಯಂವಹ ಯಂತ್ರಗಳದು, ಎಂದರೆ ತಾವಾಗಿಯೇ ನಡೆಯುವ ಯಂತ್ರಗಳದು. ಹಗುರವಾದ ಮರದಿಂದ ಚಕ್ರ ಮಾಡಿ, ಅದರ ಅರೆಕಾಲುಗಳನ್ನು ಟೊಳ್ಳಾಗಿಸಿ ಸ್ವಲ್ಪ ಬಾಗಿಸಿ, ಅರ್ಧದಷ್ಟು ಪಾದರಸ ತುಂಬಿ ಮುಚ್ಚಿದರೆ ಚಕ್ರ ನಿಲ್ಲದೆ ತಿರುಗುವುದೆಂಬುದು ಒಂದು ವಿಧಾನ. 628ರಲ್ಲಿ ಬ್ರಹ್ಮಗುಪ್ತನೂ ಇಂತಹ ಚಕ್ರದ ಮಾತನ್ನು ಆಡಿದ್ದನು. ಇನ್ನೊಂದು, ಕುಕ್ಕುಟನಾಡಿಯಿಂದ ಸುರಿಯುವ ನೀರಿನ ಬಲದಿಂದ ತಿರುಗುವ ಚಕ್ರ. ಬಾಗಿದ ಕೊಳವೆಯಲ್ಲಿ ನೀರು ತುಂಬಿ ಒಂದು ತುದಿಯನ್ನು ತೊಟ್ಟಿಯಲ್ಲಿಯೂ ಇನ್ನೊಂದನ್ನು ಹೊರಗೆ ತಗ್ಗಿನಲ್ಲಿಯೂ ಇಟ್ಟರೆ ನೀರು ತಾನಾಗಿ ಹೊರಕ್ಕೆ ಹರಿಯುತ್ತದೆ. ಪೀಪಾಯಿಯಿಂದ ಸೀಮೆಎಣ್ಣೆಯನ್ನು ಕೊಳವೆಯಿಂದ ಇಳಿಸುವುದನ್ನು ಕಂಡವರಿಗೆ ಇದು ಹೊಸದಲ್ಲ. ಈ ಎರಡನೆಯ ಯಂತ್ರವನ್ನು ಭಾಸ್ಕರನು ಕೀಳಾಗಿ ಎಣಿಸುತ್ತಾನೆ. ತೊಟ್ಟಿಯ ನೀರನ್ನು ನೆಚ್ಚಿ ನಡೆಯುವುದು ಸ್ವಯಂವಹವೆಂದು ಹೇಗಾದೀತು ಎಂಬುದು ಅವನ ಆಕ್ಷೇಪಣೆ. ವಿಚಿತ್ರವೆಂದರೆ, ಇವುಗಳಲ್ಲಿ ನಿಜವಾಗಿ ತಿರುಗಬಲ್ಲದ್ದು ಅವನು ಕೀಳೆಂದ ನೀರಿನ ಚಕ್ರವೇ. ಪಾದರಸದ ಚಕ್ರದಲ್ಲಿ ಒಂದು ಪಕ್ಕದ ಪಾದರಸ ಅಂಚಿಗೆ ಸರಿದು ಹೆಚ್ಚು ಎಳೆಯುತ್ತದೆ, ನಿಜ. ಆದರೆ ಇನ್ನೊಂದು ಪಕ್ಕದಲ್ಲಿ ಅಚ್ಚಿನ ಬಳಿ ನಿಲ್ಲುವ ಪಾದರಸದ ಪಾಲು ಹೆಚ್ಚಾಗಿದ್ದು ಲೆಕ್ಕ ಸರಿಹೋಗುತ್ತದೆ, ಚಕ್ರ ನಿಲ್ಲುತ್ತದೆ. ಹದಿಮೂರನೆಯ ಶತಮಾನದಲ್ಲಿ ಫ್ರಾನ್ಸಿನ ವಿಲಾರ್ ಎಂಬ ಶಿಲ್ಪಿಯೂ ಇಂತಹ ಚಕ್ರದ ಚಿತ್ರ ಬರೆದನು. ಯುರೋಪಿನಲ್ಲಿ ಎಷ್ಟೋ ಜನ ಅದರ ಬೆನ್ನು ಹತ್ತಿದರು. ಕಡೆಗೆ 1775ರಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ನಿತ್ಯಚಲನ ಯಂತ್ರಗಳ ಮನವಿಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು ತೀರ್ಮಾನಿಸಬೇಕಾಯಿತು.

ಹಾಗಾದರೆ ಭಾಸ್ಕರನು ಮೋಸಹೋದನೇ? ಪಾದರಸದ ಚಕ್ರ ತಿರುಗುವುದೆಂದು ಬರೆದದ್ದು ತಪ್ಪೇ. ಆದರೆ ಆ ಪ್ರಕರಣದ ಕೊನೆಗೆ ಅವನು ಸೇರಿಸಿರುವ ಮಾತನ್ನು ಮರೆಯಬಾರದು. ಇಂತಹ ಯಂತ್ರಗಳು ಇಂದ್ರಜಾಲದ ವಿದ್ಯೆಗೆ ಸೇರಿದವು; ಗೋಲಶಾಸ್ತ್ರಕ್ಕೆ ಇವುಗಳಿಂದ ಆಗಬೇಕಾದದ್ದು ಏನೂ ಇಲ್ಲ; ಹಿಂದಿನವರು ಹೇಳಿದ್ದರಿಂದ ತಾನೂ ಹೇಳಿದ್ದಾನೆ, ಅಷ್ಟೆ. ಕೌತುಕದ ಕಲ್ಪನೆಯನ್ನು ಸವಿಯುತ್ತಲೇ ಅದನ್ನು ಶಾಸ್ತ್ರದ ಗೆರೆಯಿಂದ ಆಚೆಗೆ ಇರಿಸಿದ ಈ ವಿವೇಕ ಅವನಿಗಿಂತ ಈಚಿನ ಅನೇಕರಲ್ಲಿ ಕಾಣಸಿಗಲಿಲ್ಲ.

ಇಷ್ಟೆಲ್ಲ ಯಂತ್ರಗಳ ನಡುವೆ ಅವನಿಗೆ ಮೆಚ್ಚುಗೆಯಾದದ್ದು ಯಾವುದು? ಅದನ್ನು ಅವನು ಧೀಯಂತ್ರವೆಂದು ಕರೆದಿದ್ದಾನೆ. ಧೀ ಎಂದರೆ ಬುದ್ಧಿ. ಕೈಯಲ್ಲಿ ಒಂದು ಕೋಲು, ಅದರ ಬುಡದಿಂದ ತುದಿಗೆ ದೃಷ್ಟಿ ಹಾಯಿಸುವ ಒಂದು ಕಣ್ಣು, ಇಷ್ಟಿದ್ದರೆ ಬುದ್ಧಿವಂತನಿಗೆ ನೆಲದಲ್ಲಾಗಲಿ ನೀರಿನಲ್ಲಾಗಲಿ ಆಕಾಶದಲ್ಲಾಗಲಿ ಕಣ್ಣಿಗೆ ಬಿದ್ದ ಯಾವ ವಸ್ತುವಿನ ಅಳತೆಯೂ ದಕ್ಕುವುದೆಂದು ಅವನ ನಿಲುವು. ಇದು ಬರಿಯ ಹೊಗಳಿಕೆಯಲ್ಲ. ಇಟಗಿಯ ದೇವಾಲಯದ ಮುಂದೆಯೋ ಆನೆಗೊಂದಿಯ ಬಂಡೆಯೊಂದರ ಮುಂದೆಯೋ ನಿಂತು ವಿದ್ಯಾರ್ಥಿಗಳು ಪರೀಕ್ಷಿಸಬಹುದು. ನಿಮ್ಮ ಕಣ್ಣು ನೆಲದಿಂದ ಮೂರು ಮೊಳ ಎತ್ತರದಲ್ಲಿ ಇದೆಯೆನ್ನಿ. ಕೋಲಿನ ಗುಂಟ ಬಂಡೆಯ ಬುಡವನ್ನು ನೋಡಿ. ಕೋಲು ಇಪ್ಪತ್ತು ಅಂಗುಲ ಮುಂದಕ್ಕೆ ಹೋಗುವಷ್ಟರಲ್ಲಿ ಒಂದು ಅಂಗುಲ ಇಳಿದಿದ್ದರೆ, ಮೂರು ಮೊಳ ಇಳಿಯಲು ಅರವತ್ತು ಮೊಳ ಸಾಗಬೇಕು. ಅದೇ ಬಂಡೆಯ ದೂರ. ಈಗ ಅದರ ನೆತ್ತಿಯನ್ನು ನೋಡಿ. ಇಪ್ಪತ್ತು ಅಂಗುಲಕ್ಕೆ ಕೋಲು ಐದು ಅಂಗುಲ ಏರಿದರೆ ಅರವತ್ತು ಮೊಳಕ್ಕೆ ಹದಿನೈದು ಮೊಳ ಏರುತ್ತದೆ. ಕಣ್ಣಿನ ಎತ್ತರವನ್ನು ಕೂಡಿಸಿದರೆ ಬಂಡೆ ಹದಿನೆಂಟು ಮೊಳ. ನೆಲ ಸಮತಟ್ಟಾಗಿರಬೇಕು, ಕೈ ನಡುಗಬಾರದು, ಬೇರೇನೂ ಬೇಡ.

ಧೀಯಂತ್ರದ ಬಲ ಅವನ ಬೀಜಗಣಿತದಲ್ಲಿ ಇನ್ನೂ ಹೆಚ್ಚಾಗಿ ತೋರುತ್ತದೆ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ ಒಂದನ್ನು ಕೂಡಿಸಿದರೆ ಬರುವುದೂ ಪೂರ್ಣವರ್ಗವಾಗಬೇಕು. ಆ ಸಂಖ್ಯೆ ಯಾವುದು? ಚಕ್ರವಾಲವೆಂಬ ವಿಧಾನದಿಂದ, ಒಂದೇ ಕ್ರಮವನ್ನು ಮತ್ತೆ ಮತ್ತೆ ಅನ್ವಯಿಸುತ್ತ, ಅವನು 22,61,53,980 ಎಂಬ ಉತ್ತರಕ್ಕೆ ಬಂದನು. ಇದಕ್ಕಿಂತ ಸಣ್ಣ ಉತ್ತರವಿಲ್ಲ. ಇದೇ ಪ್ರಶ್ನೆಯನ್ನು ಫ್ರಾನ್ಸಿನ ಫರ್ಮಾ 1657ರಲ್ಲಿ ಯುರೋಪಿನ ಗಣಿತಜ್ಞರಿಗೆ ಸವಾಲಾಗಿ ಒಡ್ಡಿದನು. ಹೀಗೆ ಒಂದೇ ಹೆಜ್ಜೆಯನ್ನು ಆವರ್ತಿಸಿ ಗುರಿ ಮುಟ್ಟುವುದೇ ಇಂದಿನ ಗಣಕಯಂತ್ರದ ಕೆಲಸದ ರೀತಿಯೂ ಹೌದು.

ಮುಪ್ಪಿನಲ್ಲಿಯೂ ಅವನು ಲೆಕ್ಕವನ್ನು ಸುಲಭ ಮಾಡುವ ಯೋಚನೆಯನ್ನು ಬಿಡಲಿಲ್ಲ. ಸಿದ್ಧಾಂತ ಗ್ರಂಥಗಳ ಪ್ರಕಾರ ಗ್ರಹವೊಂದರ ಸ್ಥಾನವನ್ನು ತಿಳಿಯಬೇಕಾದರೆ ಕಲ್ಪದ ಆದಿಯಿಂದ, ಎಂದರೆ ಸುಮಾರು 197 ಕೋಟಿ ವರ್ಷಗಳ ಹಿಂದಿನಿಂದ ದಿನಗಳನ್ನು ಎಣಿಸಬೇಕಾಗಿತ್ತು. ಪಂಚಾಂಗ ಬರೆಯುವವನಿಗೆ ಇದು ಎಂತಹ ಹೊರೆ! ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಭಾಸ್ಕರನು ಕರಣಕುತೂಹಲವೆಂಬ ಚಿಕ್ಕ ಕೈಪಿಡಿಯನ್ನು ಬರೆದು, 1183ನ್ನೇ ಲೆಕ್ಕದ ಮೊದಲಾಗಿ ಇಟ್ಟುಕೊಟ್ಟನು. ಪಂಚಾಂಗಕರ್ತರು ಅದನ್ನು ಶತಮಾನಗಳ ಕಾಲ ಬಳಸಿದರು. ಭಾರತವು 1979ರಲ್ಲಿಯೂ 1981ರಲ್ಲಿಯೂ ಸೋವಿಯತ್ ರಾಕೆಟ್ಟುಗಳಿಂದ ಹಾರಿಸಿದ ಎರಡು ಉಪಗ್ರಹಗಳು ಬೆಂಗಳೂರಿನಲ್ಲಿ ಸಿದ್ಧವಾದವು. ಇವನ ಮತ್ತು ಏಳನೆಯ ಶತಮಾನದ ಇನ್ನೊಬ್ಬ ಭಾಸ್ಕರನ ನೆನಪಿಗಾಗಿ ಅವುಗಳಿಗೆ ಭಾಸ್ಕರವೆಂದು ಹೆಸರಿಟ್ಟರು.

ಭಾಸ್ಕರನ ಮಗ ಲಕ್ಷ್ಮೀಧರನು ಸೇವುಣ ದೊರೆ ಜೈತುಗಿಯ ಆಸ್ಥಾನದಲ್ಲಿ ಪಂಡಿತನಾದನು. ಮೊಮ್ಮಗ ಚಂಗದೇವನು ಸಿಂಘಣನ ಆಸ್ಥಾನ ಜ್ಯೋತಿಷಿ. ಚಂಗದೇವನು ಅಜ್ಜನ ಗ್ರಂಥಗಳನ್ನು ಪಾಠ ಹೇಳುವುದಕ್ಕಾಗಿ ಖಾನದೇಶದ ಪಾಟಣದಲ್ಲಿ ಒಂದು ಮಠವನ್ನು ಸ್ಥಾಪಿಸಿದನು. ಅಲ್ಲಿ ದೊರೆತ, 1207ರ ಸುಮಾರಿನ ಶಿಲಾಶಾಸನವು ಈ ಮನೆತನದ ವಂಶಾವಳಿಯನ್ನೂ ಮಠಕ್ಕೆ ದೊರೆತ ದತ್ತಿಯನ್ನೂ ತಿಳಿಸುತ್ತದೆ. ಶಾಸನದ ಕೊನೆಯ ಸಾಲುಗಳು ಸಂಸ್ಕೃತವನ್ನು ಬಿಟ್ಟು ಆ ಊರಿನ ಆಡುಮಾತಿಗೆ ಇಳಿಯುತ್ತವೆ. ಊರಿನ ವ್ಯಾಪಾರದಿಂದಲೂ ಗಾಣದ ಎಣ್ಣೆಯಿಂದಲೂ ಮಠಕ್ಕೆ ಸಲ್ಲಬೇಕಾದ ಪಾಲನ್ನು ಅಲ್ಲಿ ಬರೆಯಲಾಗಿದೆ.